ಲಗ್ನದ ಹಿಂದಿನ ಸಾಲ, ಉತಾರದ ಮೇಲಿನ ಬೋಜಾ

ನಮ್ಮ ಹಾತಕಣಂಗಲೆ ತಾಲೂಕಿನಲ್ಲಿ ವರನ ಮನೆ ನೋಡಲು ಬಂದವರು ಈಗ ಹೊಲದ ಉತಾರವನ್ನೂ ಕೇಳುತ್ತಾರೆ. ಹಿಂದೆ ಹಾಗೆ ಕೇಳುವದು ಅಪಮಾನವೆನಿಸುತ್ತಿದ್ದಿತು. ಈಗ ಯಾರೂ ತಪ್ಪು ತಿಳಿಯುವದಿಲ್ಲ. ಆದರೆ ಕೇಳಿದವರು ಅದರಲ್ಲಿ ಓದುವದೇನು? ಎಕರೆ ಎಷ್ಟು, ಗುಂಟೆ ಎಷ್ಟು, ಹೆಸರು ಯಾರದು, ಬೆಳೆ ಯಾವದು, ಇಷ್ಟೇ. ಅದೇ ಹಾಳೆಯ ಬಲಗಡೆ ‘ಇತರ ಅಧಿಕಾರ’ ಎಂಬ ಒಂದು ಅಂಕಣವಿರುತ್ತದೆ. ಮನೆತನದ ಒಳಗುಟ್ಟೆಲ್ಲ ಅಲ್ಲಿಯೇ ಇರುವದು. ಅದನ್ನು ಓದುವವರು ತೀರ ಕಡಿಮೆ.

೨೦೦೯ರಲ್ಲಿ ನನ್ನ ಮಾವನವರೂ ಹಾಗೆಯೇ ಮಾಡಿದರು. ಅವರದು ಚಿಕ್ಕೋಡಿಯ ಕಡೆಯ ಊರು, ಪಹಣಿ ಓದಿ ಬಲ್ಲವರು, ಆದರೆ ಮರಾಠಿ ಉತಾರ ಅವರಿಗೆ ಹೊಸತು. ಎರಡು ಎಕರೆ ಹದಿನಾಲ್ಕು ಗುಂಟೆ, ಪೈಪಲೈನಿನ ನೀರು, ಹುಡುಗ ಸಾಲಿ ಮಾಸ್ತರ, ಮತ್ತೇನು ಬೇಕೆಂದು ಹಾಳೆಯನ್ನು ಮಡಚಿ ಕೊಟ್ಟರು. ನಾನೂ ಬಾಯಿ ಬಿಡಲಿಲ್ಲ. ಈ ಲೇಖನದಲ್ಲಿ ತಪ್ಪೊಪ್ಪಿಗೆಯೇ ಹೆಚ್ಚು, ಉಪದೇಶ ಕಡಿಮೆ ಎಂದು ವಾಚಕರು ತಿಳಿಯಬೇಕು.

ಲಗ್ನಕ್ಕೆ ಮುಂಚೆ ನನ್ನವು ಎರಡು ಭಾರಗಳಿದ್ದವು. ೨೦೦೫ರಲ್ಲಿ ಊರಿನ ವಿಕಾಸ ಸೇವಾ ಸಂಸ್ಥೆಯಿಂದ ಪೈಪಲೈನಿನ ಸಲುವಾಗಿ ತೊಂಬತ್ತು ಸಾವಿರ ರೂಪಾಯಿ ತೆಗೆದಿದ್ದೆನು. ೨೦೦೭ರಲ್ಲಿ ನನ್ನೊಡನೆ ಡಿ.ಎಡ್. ಕಲಿತ ಗೆಳೆಯನೊಬ್ಬ ಅಂಗಡಿ ಹಾಕುವೆನೆಂದು ಒಂದು ಪತಸಂಸ್ಥೆಯಲ್ಲಿ ಒಂದು ಲಕ್ಷ ಸಾಲ ಎತ್ತಿದಾಗ ನಾನು ಜಾಮೀನು ಸಹಿ ಹಾಕಿದ್ದೆನು. ಚಹಾ ಕುಡಿಯುವಷ್ಟು ಹೊತ್ತಿನ ಕೆಲಸವದು. ಪೈಪಲೈನಿನ ಸಾಲವನ್ನು ೨೦೧೨ರಲ್ಲಿ ತೀರಿಸಿದೆವು. ಅದಕ್ಕಾಗಿ ನನ್ನ ಮನೆಯಾಕೆ ತವರಿನ ಪಾಟಲಿಗಳನ್ನು ಮಾರಿದಳು. ಜಾಮೀನಿನ ವಿಷಯ ಮಾತ್ರ ಅವಳಿಗೆ ತಿಳಿದಿರಲಿಲ್ಲ. ಗೆಳೆಯನ ಅಂಗಡಿ ಮುಳುಗಿತು. ನನ್ನ ಹೆಸರಿಗೆ ನೋಟೀಸುಗಳು ಬಂದವು. ಅವನ್ನು ಮನೆಗೆ ಒಯ್ಯದೆ ಸಾಲಿಯ ಕಪಾಟಿನಲ್ಲಿ ಹಾಜರಿ ಪುಸ್ತಕಗಳ ಕೆಳಗೆ ಇಟ್ಟೆನು.

೨೦೨೧ರ ಜುಲೈ ತಿಂಗಳ ಮಹಾಪೂರ ನಿಮಗೆ ನೆನಪಿರಬೇಕು. ೨೦೧೯ರ ಪೂರದ ಗಾಯ ಮಾಯುವದರೊಳಗೆ ಪಂಚಗಂಗೆ ಮತ್ತೆ ಕಬ್ಬಿನೊಳಗೆ ಬಂದು ಕುಳಿತಳು. ನೀರು ಇಳಿದ ಮೇಲೆ ಮನೆಯಾಕೆ ಒಂದು ಲೆಕ್ಕ ಹಾಕಿದಳು. ಎತ್ತರದ ಒಂದು ಎಕರೆಗೆ ಹನಿ ನೀರಾವರಿ ಹಾಕುವದು, ಸಾಲವನ್ನು ತನ್ನ ಹೆಸರಿನಿಂದಲೇ ತೆಗೆಯುವದು, ಅದಕ್ಕೆ ಮೊದಲು ಉತಾರಕ್ಕೆ ತನ್ನ ಹೆಸರನ್ನು ಹಚ್ಚಿಸುವದು. ಹೊಲದ ಕೆಲಸವನ್ನು ನೋಡುವವಳು ಅವಳೇ. ನಾನು ಸಾಲಿ ಬಿಟ್ಟ ಮೇಲೆ ಬದುವಿನ ಮೇಲೆ ನಿಲ್ಲುವ ಒಕ್ಕಲಿಗ. ಸೇವಾ ಕೇಂದ್ರಕ್ಕೆ ತಾನೇ ಹೋಗಿ ಉತಾರ ತಂದಳು. ಇತರ ಅಧಿಕಾರದ ಅಂಕಣದಲ್ಲಿ ಎರಡು ಬೋಜಾ ಇದ್ದವು. ಒಂದು ತೀರಿಸಿಯೂ ಇಳಿಸದೆ ಬಿಟ್ಟ ಪೈಪಲೈನಿನ ತೊಂಬತ್ತು ಸಾವಿರ. ಇನ್ನೊಂದು ಪತಸಂಸ್ಥೆಯ ಜಪ್ತಿಯ ಬೋಜಾ, ಒಂದು ಲಕ್ಷ ನಾಲ್ವತ್ತಾರು ಸಾವಿರ.

“ಇದ್ಯಾರ ಸಾಲಾರೀ?” ಎಂದಳು.

“ಲಗ್ನಕ್ಕಿಂತ ಮೊದಲಿಂದು.”

“ಮೊದಲಿಂದು ಅಂದ್ರ? ನಂದಲ್ಲ ಅಂತೀರೋ, ನಂದೂ ಹೌದು ಅಂತೀರೋ? ಚಿಕ್ಕೋಡಿ ಹೊಲಕ್ಕೂ ಇವರು ಬರ್ತಾರೇನು?”

ಹದಿನೇಳು ವರ್ಷ ಮಾಸ್ತರಿಕೆ ಮಾಡಿದವನಿಗೆ ಈ ಪ್ರಶ್ನೆಯ ಉತ್ತರ ಬರಲಿಲ್ಲ. ಮರುವಾರ ಇಚಲಕರಂಜಿಯ ಕೋರ್ಟಿಗೆ ಹೋಗಿ ಒಬ್ಬ ವಕೀಲರನ್ನು ಕಂಡೆನು. ಮುಂದೆ ಮೂರು ವರ್ಷ ತಲಾಠಿ ಚಾವಡಿ, ಸಂಸ್ಥೆ, ಉಪನಿಬಂಧಕರ ಕಚೇರಿ ಎಂದು ತಿರುಗಿದೆನು. ಅಲ್ಲಿ ಕಲಿತದ್ದನ್ನು ಬರೆಯುತ್ತೇನೆ.

ಮೊದಲು ಅವಳ ಪ್ರಶ್ನೆಯ ಉತ್ತರ. ಲಗ್ನವಾಯಿತೆಂಬ ಒಂದೇ ಕಾರಣದಿಂದ ಗಂಡನ ಹಿಂದಿನ ಸಾಲ ಹೆಂಡತಿಗೆ ಬರುವದಿಲ್ಲ. ಹೆಂಡತಿಯದು ಗಂಡನಿಗೆ ಬರುವದಿಲ್ಲ. ಇದು ಇಂದಿನ ಮಾತಲ್ಲ. ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದನಷ್ಟೆ; ಅವನು ಯಾವ ಯಾಜ್ಞವಲ್ಕ್ಯ ಸ್ಮೃತಿಗೆ ಟೀಕೆ ಬರೆದನೋ ಅದರಲ್ಲಿಯೇ ಈ ನಿಯಮವಿದೆ. ಗಂಡ ಮಾಡಿದ ಸಾಲವನ್ನು ಹೆಂಡತಿ ತೀರಿಸಬೇಕಿಲ್ಲ, ಹೆಂಡತಿಯ ಸಾಲವನ್ನು ಗಂಡ ತೀರಿಸಬೇಕಿಲ್ಲ, ಕುಟುಂಬದ ಸಲುವಾಗಿ ಮಾಡಿದ್ದರೆ ಮಾತು ಬೇರೆ. ಹೆಣ್ಣು ತೀರಿಸಬೇಕಾದ ಸಾಲ ಮೂರೇ: ತಾನು ಒಪ್ಪಿಕೊಂಡದ್ದು, ಗಂಡನೊಡನೆ ಕೂಡಿ ಮಾಡಿದ್ದು, ತಾನೇ ಮಾಡಿದ್ದು. ಒಂಬತ್ತು ನೂರು ವರ್ಷಗಳ ಹಿಂದಿನ ಗ್ರಂಥವು ಹೇಳಿದ ಮಾತಿಗೂ ಈಗಿನ ವಕೀಲರು ಹೇಳಿದ ಮಾತಿಗೂ ನನಗೆ ಹೆಚ್ಚಿನ ಅಂತರ ಕಾಣಲಿಲ್ಲ. ಅದೇ ಸ್ಮೃತಿಯಲ್ಲಿ ಇನ್ನೊಂದು ಮಾತಿದೆ, ಅದನ್ನು ಮನೆಯಾಕೆಗೆ ಓದಿ ತೋರಿಸಿದ್ದು ನನ್ನ ದಡ್ಡತನ: ಬರಗಾಲ, ಧರ್ಮಕಾರ್ಯ, ರೋಗ, ಸೆರೆ ಈ ಪ್ರಸಂಗಗಳಲ್ಲಿ ಬಳಸಿದ ಸ್ತ್ರೀಧನವನ್ನು ಗಂಡನು ತಿರುಗಿ ಕೊಡಬೇಕಾಗಿಲ್ಲ. ಪೈಪಲೈನು ಆ ನಾಲ್ಕರಲ್ಲಿ ಯಾವದು ಎಂದು ಅವಳು ಕೇಳಿದಳು. ಪಾಟಲಿಗಳ ಬಾಕಿ ಇನ್ನೂ ನನ್ನ ಮೇಲಿದೆ.

ಈಗಿನ ಕಾಯದೆಯಲ್ಲಿ ೧೯೫೬ರ ಹಿಂದೂ ವಾರಸಾ ಕಾಯದೆಯ ೧೪ನೆಯ ಕಲಮು ಹೆಣ್ಣುಮಗಳ ಆಸ್ತಿಯನ್ನು ಪೂರ್ಣವಾಗಿ ಅವಳದೇ ಎಂದಿತು. ನಮ್ಮ ಭಾಗದ ಜೈನ, ಲಿಂಗಾಯತ ಮನೆತನಗಳಿಗೂ ಇದೇ ಅನ್ವಯಿಸುತ್ತದೆ. ಆದ್ದರಿಂದ ನನ್ನ ಸಾಲದ ಸಲುವಾಗಿ ಅವಳ ಚಿಕ್ಕೋಡಿ ಹೊಲವನ್ನಾಗಲಿ, ಬಂಗಾರವನ್ನಾಗಲಿ ಯಾರೂ ಮುಟ್ಟಲು ಬರುವದಿಲ್ಲ. ತಂದೆಯ ಸಾಲವನ್ನು ಮಗನು ತೀರಿಸಲೇಬೇಕೆಂಬ ಹಳೆಯ ಧರ್ಮದ ಹೊಣೆ ಕೂಡ ೨೦೦೫ರ ಸೆಪ್ಟೆಂಬರ ೯ರ ತಿದ್ದುಪಡಿಯಿಂದ ಹೊಸ ಸಾಲಗಳಿಗೆ ಇಲ್ಲವಾಯಿತು.

ಎಲ್ಲ ದೇಶಗಳಲ್ಲಿಯೂ ಹೀಗಿಲ್ಲ. ಇಂಗ್ಲಂಡದಲ್ಲಿ ೧೮೭೦ರ ಕಾಯದೆ ಬರುವವರೆಗೆ ವಧುವಿನ ಹಳೆಯ ಸಾಲಕ್ಕೆ ಗಂಡನೇ ಹೊಣೆಯಾಗುತ್ತಿದ್ದನು. ಅದನ್ನು ತಪ್ಪಿಸಲು ಕೆಲವು ಕಡೆ ವಧುವು ಒಳಂಗಿಯೊಂದನ್ನೇ ತೊಟ್ಟು ಲಗ್ನಕ್ಕೆ ನಿಲ್ಲುತ್ತಿದ್ದಳಂತೆ; ತವರಿನಿಂದ ಏನೂ ತಂದಿಲ್ಲ, ಆದಕಾರಣ ಸಾಲವೂ ಬಂದಿಲ್ಲ ಎಂದು ಊರ ಮುಂದೆ ತೋರಿಸುವ ಬಗೆಯಿದು. ಕಾಯದೆ ಇದನ್ನು ಒಪ್ಪುತ್ತಿದ್ದಿಲ್ಲ, ಜನ ನಂಬಿದ್ದರು. ಹಾಲಂಡದಲ್ಲಿ ೨೦೧೮ರ ಆರಂಭದವರೆಗೂ, ಬೇರೆ ಕರಾರು ಬರೆಯದಿದ್ದರೆ, ಲಗ್ನದೊಡನೆ ಇಬ್ಬರ ಹಿಂದಿನ ಆಸ್ತಿ ಮತ್ತು ಸಾಲ ಒಂದಾಗುತ್ತಿದ್ದವು. ನಮ್ಮಲ್ಲಿ ೧೮೭೪ರಲ್ಲಿ ವಿವಾಹಿತ ಸ್ತ್ರೀಯರ ಆಸ್ತಿಯ ಕಾಯದೆ ಬಂದಾಗ ಹಿಂದೂ, ಜೈನ, ಬೌದ್ಧ, ಸಿಖ್, ಮುಸಲ್ಮಾನ ಹೆಣ್ಣುಮಕ್ಕಳನ್ನು ಅದರಿಂದ ಹೊರಗಿಟ್ಟರು. ಆ ಇಂಗ್ಲಿಷ್ ರೋಗ ಅವರಿಗೆ ಇರಲಿಲ್ಲವಾದ್ದರಿಂದ ಔಷಧವೂ ಬೇಕಾಗಿರಲಿಲ್ಲ.

ಹಾಗಾದರೆ ಚಿಂತೆಯಿಲ್ಲವೆಂದು ಎದ್ದು ಹೋಗಬೇಡಿರಿ. ಸಾಲವು ಲಗ್ನದ ಹಿಂದೆ ಬರುವದಿಲ್ಲವೆಂಬುದು ನಿಜ. ಆದರೆ ಅದು ಹೊಲದ ಹಿಂದೆ ಬರುತ್ತದೆ, ಸಹಿಯ ಹಿಂದೆಯೂ ಬರುತ್ತದೆ. ಮೊದಲು ಹೊಲದ ಮಾತು.

ಸೇವಾ ಸಂಸ್ಥೆಯ ಸಾಲ ತೆಗೆಯುವಾಗ ಸದಸ್ಯನು ‘ಇಕರಾರು’ ಬರೆದುಕೊಡುತ್ತಾನೆ. ೧೯೬೦ರ ಮಹಾರಾಷ್ಟ್ರ ಸಹಕಾರಿ ಸಂಸ್ಥೆಗಳ ಕಾಯದೆಯ ೪೮ನೆಯ ಕಲಮಿನ ಪ್ರಕಾರ ಅದರಲ್ಲಿ ಬರೆದ ಗಟ್ಟ ನಂಬರಿನ ಮೇಲೆ ಸಂಸ್ಥೆಯ ಬೋಜಾ ಕೂಡುತ್ತದೆ. ಸರಕಾರದ ಸಾರಾ ಬಿಟ್ಟರೆ ಮೊದಲ ಹಕ್ಕು ಸಂಸ್ಥೆಯದು. ತಲಾಠಿಯವರು (ಈಗ ಅವರನ್ನು ಗ್ರಾಮ ಮಹಸೂಲ ಅಧಿಕಾರಿ ಎನ್ನಬೇಕಂತೆ, ಊರಿನ ಬಾಯಿಗೆ ಅದಿನ್ನೂ ಹತ್ತಿಲ್ಲ) ಅದನ್ನು ಫೇರಫಾರಿನಲ್ಲಿ ಬರೆದು ಉತಾರಕ್ಕೆ ಏರಿಸುತ್ತಾರೆ. ಬಡ್ಡಿಸಹಿತ ಎಲ್ಲ ಬಾಕಿ ತೀರುವವರೆಗೆ ಆ ಹೊಲವನ್ನು ಸಂಸ್ಥೆಯ ಲಿಖಿತ ಒಪ್ಪಿಗೆಯಿಲ್ಲದೆ ಪರಭಾರೆ ಮಾಡಲು ಬರುವದಿಲ್ಲ. ಮಾಡಿದರೆ ಅದು ಕಾಯದೆಯ ದೃಷ್ಟಿಯಲ್ಲಿ ಆಗಿಯೇ ಇಲ್ಲ. ಮಾರುವದಷ್ಟೇ ಅಲ್ಲ, ಹೆಂಡತಿಗೆ ಬಕ್ಷೀಸು ಕೊಡುವದೂ ಪರಭಾರೆಯೇ. ಕಬ್ಬಿನವರಿಗಂತೂ ಬೇರೆ ದಾರಿಯೇ ಇಲ್ಲ. ಬಿಲ್ಲು ಕಾರ್ಖಾನೆಯಿಂದ ಹೊರಡುವ ಮೊದಲೇ ಸಂಸ್ಥೆಯ ವಸೂಲಿ ಅದರಲ್ಲಿ ಕಡಿತವಾಗುತ್ತದೆ. ಹೊಸದಾಗಿ ಬಂದ ಸೊಸೆಯು ವರ್ಷವಿಡೀ ಕಳೆ ತೆಗೆದು ಕಬ್ಬು ಬೆಳೆಸಿದರೂ ಮೊದಲ ಕಂತು ಹೋಗುವದು ಅವಳು ಬರುವ ಮುಂಚಿನ ಸಾಲಕ್ಕೆ. ಕಾಗದದ ಮೇಲೆ ಅವಳ ಹೊಣೆಯಿಲ್ಲ, ಬೆವರಿನಲ್ಲಿ ಇದೆ.

ಒಟ್ಟು ಕುಟುಂಬದ ಮನೆಗಳಲ್ಲಿ ಇನ್ನೊಂದು ತೊಡಕುಂಟು. ಹಳೆಯ ಉತಾರಗಳಲ್ಲಿ ಹಿರಿಯನ ಹೆಸರಿನ ಮುಂದೆ ‘ಎ.ಕು.ಮ್ಯಾ.’ ಎಂದು ಬರೆದಿರುತ್ತದೆ. ಏಕತ್ರ ಕುಟುಂಬ ಮ್ಯಾನೇಜರ ಎಂಬುದರ ಕಿರುರೂಪವದು. ಅವನು ಕುಟುಂಬದ ಅಗತ್ಯಕ್ಕಾಗಿ ತೆಗೆದ ಸಾಲ ಎಲ್ಲರ ಪಾಲಿಗೂ ತಗಲುತ್ತದೆ. ವರನ ಹೆಸರಿನಲ್ಲಿ ಒಂದು ಕಾಸು ಸಾಲವಿಲ್ಲವೆಂದು ಹೇಳಿದವರು ಸುಳ್ಳು ಹೇಳಿರಲಿಕ್ಕಿಲ್ಲ. ಅವನ ಕಾಕಾನ ಹೆಸರಿನಲ್ಲಿ ಇದ್ದೀತು.

ಇನ್ನು ಸಹಿಯ ಮಾತು. ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಎಂದು ೧೮೭೨ರ ಕರಾರು ಕಾಯದೆ ಹೇಳುತ್ತದೆ. ಸಾಲಗಾರನನ್ನು ಮೊದಲು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿರಿ ಎನ್ನಲು ಸಾಮಾನ್ಯವಾಗಿ ಬರುವದಿಲ್ಲ. ನನ್ನ ಸಹಿ ಇದ್ದದ್ದು ೨೦೦೭ರಲ್ಲಿ, ಹೊಲಕ್ಕೆ ಅದರ ನೆರಳು ಬಿದ್ದದ್ದು ೨೦೧೫ರಲ್ಲಿ. ೧೦೧ನೆಯ ಕಲಮಿನ ವಸೂಲಿ ದಾಖಲೆ ಸಿಕ್ಕ ಬಳಿಕ ಪತಸಂಸ್ಥೆಯವರು ಜಪ್ತಿಯ ಪತ್ರ ಕಳಿಸಿ ಬೋಜಾ ಏರಿಸಿದರು. ಆದುದರಿಂದ ಲಗ್ನದ ದಿನ ಉತಾರ ಸ್ವಚ್ಛವಾಗಿದ್ದರೆ ಹಿಂದಿನ ಸಾಲವಿಲ್ಲವೆಂದು ತಿಳಿಯಬಾರದು. ಉತಾರವನ್ನು ಓದುವದರ ಜೊತೆಗೆ ‘ಎಲ್ಲಾದರೂ ಜಾಮೀನು ನಿಂತಿರುವಿಯೇನಪ್ಪ?’ ಎಂದು ಬಾಯಿಂದಲೂ ಕೇಳಬೇಕು. ಮಾವನವರು ಕೇಳಿದ್ದರೆ ನಾನು ಸುಳ್ಳು ಹೇಳುತ್ತಿರಲಿಲ್ಲವೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಇಷ್ಟು ವರ್ಷ ಆಯಿತು, ಅವಧಿ ಮೀರಿ ಸಾಲ ಸತ್ತಿರಬೇಕಲ್ಲ ಎಂಬುದು ಅನೇಕರ ಸಮಾಧಾನ. ಸಹಕಾರಿ ಸಾಲದಲ್ಲಿ ಈ ಸಮಾಧಾನ ನಡೆಯುವದಿಲ್ಲ. ಸಂಸ್ಥೆಯು ಸದಸ್ಯನಿಂದ ಬರಬೇಕಾದ ಹಣದ ತಂಟೆಯಲ್ಲಿ ಅವಧಿಯನ್ನು ಎಣಿಸಲು ಹಿಡಿಯುವದು ಅವನು ಸತ್ತ ದಿನದಿಂದ ಅಥವಾ ಸದಸ್ಯತ್ವ ಬಿಟ್ಟ ದಿನದಿಂದ. ಅಲ್ಲಿಯವರೆಗೆ ಅದು ಮುಪ್ಪಾಗುವದಿಲ್ಲ.

ಹೊಸ ಸೊಸೆಯಂದಿರು ಎಲ್ಲಕ್ಕೂ ಹೆಚ್ಚು ಎಚ್ಚರಿರಬೇಕಾದದ್ದು ಮಾರ್ಚ ತಿಂಗಳಲ್ಲಿ. ಆಗ ಊರೂರಿನ ಸಂಸ್ಥೆಗಳಲ್ಲಿ ‘ನವಂ-ಜುನಂ’ ನಡೆಯುತ್ತದೆ. ಹಳೆಯ ಬೆಳೆಸಾಲವನ್ನು ಕಾಗದದ ಮೇಲೆ ತೀರಿಸಿ ಅದೇ ದಿನ ಅಥವಾ ಮರುದಿನ ಹೊಸದನ್ನು ಬರೆಯುವದೇ ನವಂ-ಜುನಂ. ಅವಧಿಯಲ್ಲಿ ತೀರಿಸಿದರೆ ಮೂರು ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿ ಬೀಳಬಾರದೆಂದು ೨೦೨೧ರಲ್ಲಿ ರಾಜ್ಯ ಸರಕಾರ ಸವಲತ್ತು ಮಾಡಿತು. ಅದು ಒಳ್ಳೆಯದೇ, ಅದನ್ನು ಕಳೆದುಕೊಳ್ಳಬಾರದೆಂದು ಜನ ಹೇಗಾದರೂ ಕೈಗಡ ತಂದು ತೀರಿಸಿ ತಿರುಗಿ ಎತ್ತುತ್ತಾರೆ. ಹೀಗೆ ತಿರುಗಿ ಬರೆಯುವಾಗ ಹೊಸ ಕಾಗದ ಹುಟ್ಟುತ್ತದೆ. ಮನೆಯಲ್ಲಿ ಹೊಸ ಸೊಸೆ ಬಂದಿದ್ದರೆ ‘ನೀನೂ ಒಂದು ಸಹಿ ಮಾಡವ್ವಾ, ಸುಮ್ಮನ ಸಾಕ್ಷಿ’ ಎನ್ನುತ್ತಾರೆ. ಆ ಸಹಿಯನ್ನು ಸಾಕ್ಷಿಯ ಸಾಲಿನಲ್ಲಿ ಮಾಡಿದರೆ ಅಪಾಯವಿಲ್ಲ. ಸಹ-ಸಾಲಗಾರಳ ಅಥವಾ ಜಾಮೀನುದಾರಳ ಸಾಲಿನಲ್ಲಿ ಮಾಡಿದರೆ ಗಂಡನ ಲಗ್ನಪೂರ್ವದ ಸಾಲವು ಅಂದಿನಿಂದ ಅವಳ ಸ್ವಂತ ಸಾಲವಾಗುತ್ತದೆ. ಚಿಕ್ಕೋಡಿ ಹೊಲವೂ ಆಗ ಸುರಕ್ಷಿತವಲ್ಲ. ಸಂಸ್ಥೆಯವರ ಮೇಲೆ ನಾನು ದೋಷ ಹೊರಿಸುತ್ತಿಲ್ಲ. ಅವರಿಗೆ ವಸೂಲಿಯ ಚಿಂತೆಯಿರುತ್ತದೆ. ಓದದೆ ಸಹಿ ಮಾಡಿಸುವವರು ಮನೆಯವರೇ.

ಈಗ ಹೆಸರು ಹಚ್ಚುವ ವಿಷಯ. ೧೯೮೬ರ ಚಾಂದವಡದ ಮಹಿಳಾ ಸಮ್ಮೇಳನದ ನಂತರ ಶರದ ಜೋಶಿಯವರ ಶೇತಕರಿ ಸಂಘಟನೆಯು ‘ಲಕ್ಷ್ಮೀಮುಕ್ತಿ’ ಎಂದು ಒಂದು ಚಳವಳಿ ಹೂಡಿತು. ರೈತನು ತಾನಾಗಿ ಹೊಲದಲ್ಲಿ ಹೆಂಡತಿಗೆ ಪಾಲು ಕೊಡುವದು ಅದರ ತಿರುಳು. ೧೯೯೨ರಲ್ಲಿ ಸರಕಾರವು ಅದೇ ಹೆಸರಿನಿಂದ ಪರಿಪತ್ರಕ ಹೊರಡಿಸಿತು. ಗಂಡನು ಅರ್ಜಿ ಕೊಟ್ಟರೆ ಅವನು ಬದುಕಿರುವಾಗಲೇ ಹೆಂಡತಿಯ ಹೆಸರು ಸಹಹಿಸ್ಸೇದಾರಳೆಂದು ಉತಾರಕ್ಕೆ ಏರುತ್ತದೆ. ಬಹಳ ಜನ ರೈತರಿಗೆ ಇದು ಇನ್ನೂ ಗೊತ್ತಿಲ್ಲ. ಆದರೆ ಬೋಜಾ ಇದ್ದ ಹೊಲಕ್ಕೆ ಹೆಸರು ಹಚ್ಚಿದರೆ ಹೆಸರಿನೊಡನೆ ಬೋಜಾದ ಪಾಲೂ ಬರುತ್ತದೆ. ಅವಳ ಬೇರೆ ಆಸ್ತಿಗೆ ತಗಲುವದಿಲ್ಲ. ಆದರೆ ಈ ಹೊಲದಲ್ಲಿಯ ಅವಳ ಅರ್ಧವೂ ಆ ಸಾಲಕ್ಕೆ ಒತ್ತೆಯೇ. ಉತಾರದ ನೋಂದು ಸಾರಾ ವಸೂಲಿಯ ಲೆಕ್ಕಕ್ಕೆ ಇರುವಂಥದು, ಅದೊಂದರಿಂದಲೇ ಒಡೆತನ ಹುಟ್ಟುವದಿಲ್ಲ ಎಂದು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಪೂರ್ಣ ಒಡೆತನ ಬೇಕಾದವರು ನೋಂದಾಯಿಸಿದ ಬಕ್ಷೀಸಪತ್ರ ಮಾಡಿಸಬೇಕು.

ಬಕ್ಷೀಸಪತ್ರದಲ್ಲಿಯೂ ಎರಡು ಮುಳ್ಳುಗಳಿವೆ. ಸಾಲಗಾರರಿಗೆ ಸಿಗದಂತೆ ಮಾಡಲೆಂದೇ ಹೆಂಡತಿಯ ಹೆಸರಿಗೆ ಹೊಲ ಬರೆದರೆ ಆಸ್ತಿ ಹಸ್ತಾಂತರ ಕಾಯದೆಯ ೫೩ನೆಯ ಕಲಮಿನಂತೆ ಸಾಲ ಕೊಟ್ಟವರು ಅದನ್ನು ರದ್ದು ಮಾಡಿಸಬಹುದು. ಚಾವಡಿ ಕಟ್ಟೆಯ ಮೇಲೆ ಕುಳಿತು ಈ ಉಪಾಯ ಹೇಳುವವರಿಗೆ ಕೊರತೆಯಿಲ್ಲ. ಸಮನ್ಸು ಬಂದ ದಿನ ಅವರಾರೂ ಕಟ್ಟೆಯ ಮೇಲೆ ಇರುವದಿಲ್ಲ. ಎರಡನೆಯದು, ಗಂಡನು ತನ್ನ ಇಡೀ ಆಸ್ತಿಯನ್ನೇ ಬಕ್ಷೀಸು ಕೊಟ್ಟರೆ, ಅದನ್ನು ಪಡೆದವಳು ಆಸ್ತಿ ಇದ್ದಷ್ಟರ ಮಟ್ಟಿಗೆ ಅವನ ಅಂದಿನ ಎಲ್ಲ ಸಾಲಗಳಿಗೂ ಹೊಣೆಯಾಗುತ್ತಾಳೆ. ಅದೇ ಕಾಯದೆಯ ೧೨೮ನೆಯ ಕಲಮು ನೋಡಬೇಕು. ಬೋಜಾ ಇಲ್ಲದ ಬರಿ ಕೈಗಡವಿದ್ದರೂ ಸರಿಯೆ.

ಗಂಡ ತೀರಿಕೊಂಡ ಮನೆಯಲ್ಲಿ ಇದೇ ಪ್ರಶ್ನೆ ಹೆಚ್ಚು ಕ್ರೂರವಾಗಿ ಬರುತ್ತದೆ. ದಿನಕರ್ಮ ಮುಗಿಯುವ ಮೊದಲೇ ವಸೂಲಿಯವರು ಬಂದು ವಿಧವೆಯಿಂದ ‘ನಾನು ತೀರಿಸುತ್ತೇನೆ’ ಎಂದು ಬರೆಯಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ವಾರಸುದಾರಳು ಗಂಡನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ. ಅವಳ ಸ್ವಂತ ಕೂಲಿ, ಹೈನದ ಹಣ, ತವರಿನ ಬಂಗಾರ ಇವು ಅದರಲ್ಲಿ ಬರುವದಿಲ್ಲ, ಅವಳಾಗಿ ಬರೆದುಕೊಡುವವರೆಗೆ.

ವಧುವಿನ ಕಡೆಯ ಸಾಲವೂ ಉಂಟು. ನಮ್ಮ ಗಡಿಭಾಗದಲ್ಲಿ ಅದು ಎರಡು ರಾಜ್ಯಗಳ ದಾಖಲೆಯ ಮಾತಾಗುತ್ತದೆ. ನೆರೆಯ ಊರಿನ ಸೊಸೆಯೊಬ್ಬಳಿಗೆ ಚಿಕ್ಕೋಡಿ ತಾಲೂಕಿನಲ್ಲಿ ತಂದೆ ಎರಡು ಎಕರೆ ಹೆಸರಿಗೆ ಮಾಡಿ ಕೊಟ್ಟಿದ್ದನು. ಲಗ್ನಕ್ಕೆ ಒಂದು ವರ್ಷ ಮೊದಲು ಕೊಳವೆ ಬಾವಿಗಾಗಿ ಅಲ್ಲಿಯ ಸಹಕಾರಿ ಸಂಘದಲ್ಲಿ ಅವಳ ಸಹಿಯಿಂದ ಸಾಲ ಎತ್ತಿದನು. ಬಾವಿಗೆ ನೀರು ಬೀಳಲಿಲ್ಲ, ಮುಂದೆ ತಂದೆಯೂ ಉಳಿಯಲಿಲ್ಲ. ನೋಟೀಸು ಗಂಡನ ಮನೆಗೆ ಬಂತು. ಅತ್ತೆಯು ‘ನಮ್ಮ ಹೊಲ ಲಿಲಾವಿಗೆ ಹಚ್ಚಿದಳು’ ಎಂದು ಎದೆ ಬಡಿದುಕೊಂಡಳು. ಹುಡುಗಿ ಎರಡು ದಿನ ಉಂಡಿರಲಿಲ್ಲ. ಗಂಡನು ಪಾಪ, ಒಳ್ಳೆಯವನು, ಮುದ್ದತ್ತು ಸಿಗುವದಾದರೆ ತಾನು ಹಮೀಪತ್ರ ಬರೆದುಕೊಡಲು ಹೊರಟಿದ್ದನು. ಹೋಗುವ ಮೊದಲು ನನ್ನ ಹ್ಯಾವು ಕೇಳಿದ್ದು ಒಳ್ಳೆಯದಾಯಿತು. “ತಮ್ಮಾ, ರೊಕ್ಕ ಕೊಡುವದಿದ್ರ ಕೊಡು, ರಸೀದಿ ಅಕೀ ಹೆಸರಿಲೆ ತಗೋ. ಸಹಿ ಮಾತ್ರ ಮಾಡಬ್ಯಾಡ” ಎಂದೆನು. ಆ ಬೋಜಾ ಅವಳ ಪಹಣಿಯ ಹನ್ನೊಂದನೆಯ ಅಂಕಣದಲ್ಲಿ, ಹಕ್ಕು ಮತ್ತು ಋಣದ ಸಾಲಿನಲ್ಲಿ ಇದ್ದಿತು. ಅಲ್ಲಿಂದ ಈಚೆಯ ಗಂಡನ ಉತಾರಕ್ಕೆ ಅದು ನಡೆದು ಬರಲು ದಾರಿಯೇ ಇರಲಿಲ್ಲ. ಅವನ ಸಹಿಯೊಂದೇ ಆ ದಾರಿಯನ್ನು ಮಾಡಿಕೊಡುತ್ತಿತ್ತು. ಅವರು ಕಂತು ಕಂತಾಗಿ ಕಟ್ಟುತ್ತಿದ್ದಾರೆ. ಅತ್ತೆಯ ಕೋಪ ಇನ್ನೂ ಪೂರ್ಣ ಇಳಿದಿಲ್ಲ, ಅದಕ್ಕೆ ಕಲಮು ಇಲ್ಲ.

ಸರಕಾರವು ಗಂಡ-ಹೆಂಡಿರ ಸಾಲವನ್ನು ಒಟ್ಟಿಗೆ ಎಣಿಸಿದ್ದೂ ಉಂಟು. ಮಹಾರಾಷ್ಟ್ರದ ೨೦೧೭ರ ಸಾಲಮನ್ನಾ ಯೋಜನೆಯಲ್ಲಿ ಗಂಡ, ಹೆಂಡತಿ, ಹದಿನೆಂಟರೊಳಗಿನ ಮಕ್ಕಳು ಕೂಡಿ ಒಂದು ಕುಟುಂಬ, ಒಂದು ಕುಟುಂಬಕ್ಕೆ ಒಂದೂವರೆ ಲಕ್ಷವೆಂದು ಗೊತ್ತು ಮಾಡಿದ್ದರು. ಅವಿವಾಹಿತರಾಗಿದ್ದರೆ ಇಬ್ಬರಿಗೂ ಬೇರೆ ಬೇರೆ ಸಿಗುತ್ತಿದ್ದುದು ಲಗ್ನವಾದ ತಪ್ಪಿಗೆ ಒಂದಾಯಿತು.

ಉತಾರದಲ್ಲಿ ಕಾಣದ ಸಾಲವೆಂದರೆ ಸಾವಕಾರನದು. ರೊಕ್ಕ ಕೊಟ್ಟು ಹೊಲವನ್ನು ಖರೀದಿ ಬರೆಯಿಸಿಕೊಳ್ಳುತ್ತಾನೆ, ಬಾಯಿಮಾತಿನಲ್ಲಿ ‘ತೀರಿಸಿದ ದಿನ ತಿರುಗಿ ಬರೆದುಕೊಡುವೆ’ ಎನ್ನುತ್ತಾನೆ. ಬೋಜಾದ ಅಂಕಣ ಖಾಲಿ, ಹೊಲವೇ ಕೈಬಿಟ್ಟಿರುತ್ತದೆ. ಫೇರಫಾರು ಆಗುವವರೆಗೆ ಉತಾರದ ಮೇಲೆ ವರನ ಹೆಸರೇ ಇರುತ್ತದೆ. ಅದಕ್ಕಾಗಿ ನೋಂದಣಿ ಕಚೇರಿಯ ಇಂಡೆಕ್ಸ-ಟು ಎಂಬ ಸೂಚಿಯನ್ನು ವಕೀಲರಿಂದ ಹುಡುಕಿಸಬೇಕು. ಕರ್ನಾಟಕದ ಹೊಲವಾದರೆ ಉಪನೋಂದಣಿ ಕಚೇರಿಯ ಋಣಭಾರ ಪತ್ರ ಅದೇ ಕೆಲಸ ಮಾಡುತ್ತದೆ. ಪರವಾನಗಿಯಿಲ್ಲದ ಸಾವಕಾರಿಯಲ್ಲಿ ಹೀಗೆ ಹೋದ ಹೊಲವನ್ನು ಹದಿನೈದು ವರ್ಷಗಳೊಳಗಿನದಾದರೆ ಮರಳಿ ಕೊಡಿಸುವ ಅಧಿಕಾರವು ೨೦೧೪ರ ಮಹಾರಾಷ್ಟ್ರ ಸಾವಕಾರಿ ಕಾಯದೆಯಂತೆ ಜಿಲ್ಲಾ ನಿಬಂಧಕರಿಗೆ ಇದೆ.

ಇನ್ನು ಬೋಜಾ ಇಳಿಸುವ ಬಗೆ. ನನ್ನಂತೆ ಎಷ್ಟೋ ಜನ ಸಾಲ ತೀರಿಸಿ ರಸೀದಿಯನ್ನು ದೇವರ ಕೋಣೆಯಲ್ಲಿಟ್ಟು ಸುಮ್ಮನಾಗುತ್ತಾರೆ. ಸಾಲ ತೀರಿದರೆ ಬೋಜಾ ತಾನಾಗಿ ಅಳಿಯುವದಿಲ್ಲ. ಸಂಸ್ಥೆಯಿಂದ ಬೇಬಾಕಿ ದಾಖಲೆ ತೆಗೆದುಕೊಳ್ಳಬೇಕು. ಈ ‘ಬೇಬಾಕಿ’ ಎಂಬ ಮಾತು ಗಡಿಯ ಎರಡೂ ಕಡೆ ನಡೆಯುವದೊಂದು ಸುಖ. ಅದರಲ್ಲಿ ಗಟ್ಟ ನಂಬರು, ಬೋಜಾದ ಮೊತ್ತ, ಹಳೆಯ ಫೇರಫಾರಿನ ನಂಬರು ಮೂರೂ ಇರಲಿ. ನನ್ನ ಮೊದಲ ದಾಖಲೆಯಲ್ಲಿ ಫೇರಫಾರಿನ ನಂಬರು ಇಲ್ಲವೆಂದು ಎರಡು ತಿಂಗಳು ಹೋದವು. ಬಳಿಕ ತಲಾಠಿಯವರಿಗೆ ಅರ್ಜಿ, ಇಲ್ಲವೆ ‘ಇ-ಹಕ್ಕ’ ಪದ್ಧತಿಯಿಂದ ಮನೆಯಲ್ಲಿ ಕುಳಿತೇ ಅರ್ಜಿ. ಫೇರಫಾರು ಬರೆದು, ನೋಟೀಸಿನ ಹದಿನೈದು ದಿನ ಕಳೆದ ಮೇಲೆ ಮಂಡಳ ಅಧಿಕಾರಿಗಳು ಮಂಜೂರು ಮಾಡುತ್ತಾರೆ. ಆಮೇಲೆ ಹದಿನೈದು ರೂಪಾಯಿ ಕೊಟ್ಟು ಸಹಿಯುಳ್ಳ ಹೊಸ ಉತಾರ ತೆಗೆದು ಕಣ್ಣಾರೆ ನೋಡಬೇಕು. ನೋಂದಾಯಿಸಿದ ಗಹಾಣಖತವಿದ್ದರೆ ಬೇಬಾಕಿಯೊಂದೇ ಸಾಲದು; ಗಹಾಣ ಬಿಡುಗಡೆಯ ಪತ್ರವನ್ನೂ ನೋಂದಾಯಿಸಬೇಕು. ಬ್ಯಾಂಕುಗಳು ಪೂರ್ಣ ತೀರಿದ ಸಾಲದ ಮೂಲ ಕಾಗದಗಳನ್ನು ಮೂವತ್ತು ದಿನಗಳೊಳಗೆ ಕೊಡಬೇಕು, ತಮ್ಮಿಂದ ತಡವಾದರೆ ದಿನಕ್ಕೆ ಐದು ಸಾವಿರ ರೂಪಾಯಿ ಪರಿಹಾರ ಕೊಡಬೇಕೆಂದು ರಿಜರ್ವ ಬ್ಯಾಂಕು ೨೦೨೩ರ ಡಿಸೆಂಬರ ೧ರಿಂದ ನಿಯಮ ಮಾಡಿದೆ. ಸಹಕಾರಿ ಬ್ಯಾಂಕುಗಳಿಗೂ ಇದುಂಟು. ಊರಿನ ಸೇವಾ ಸಂಸ್ಥೆಗೆ ಇಲ್ಲ. ಅಲ್ಲಿ ಕಾರ್ಯದರ್ಶಿಯ ಮರ್ಜಿ, ನಮ್ಮ ಕಾಲಿನ ಬಲ.

ನಮ್ಮ ಪೈಪಲೈನಿನ ಬೋಜಾ ಹೀಗೆ ಇಳಿಯಿತು. ಜಾಮೀನಿನದು ಅಷ್ಟು ಸುಲಭವಾಗಲಿಲ್ಲ. ಪತಸಂಸ್ಥೆಯ ಏಕರಕಮಿ ತಡಜೋಡಿಯಲ್ಲಿ ಒಂದಿಷ್ಟು ಬಡ್ಡಿ ಬಿಟ್ಟರು, ಗೆಳೆಯನು ಮೂವತ್ತು ಸಾವಿರ ಕೊಟ್ಟನು, ಉಳಿದದ್ದನ್ನು ನನ್ನ ಪಗಾರದಿಂದ ತುಂಬಿದೆನು. ಜಾಮೀನುದಾರನು ತುಂಬಿದ ಹಣವನ್ನು ಮೂಲ ಸಾಲಗಾರನಿಂದ ವಸೂಲು ಮಾಡುವ ಹಕ್ಕು ಕರಾರು ಕಾಯದೆಯಲ್ಲಿದೆ. ತುಂಬಿದ ದಿನದಿಂದ ಮೂರು ವರ್ಷಗಳೊಳಗೆ ದಾವೆ ಹೂಡಬೇಕು. ಹೂಡುವದೋ ಬಿಡುವದೋ ಎಂದು ನಾನಿನ್ನೂ ಮೀನಮೇಷ ಎಣಿಸುತ್ತಿದ್ದೇನೆ. ಮನೆಯಾಕೆಯದು ‘ಹೂಡ್ರಿ’ ಎಂಬ ಒಂದೇ ಮಾತು. ೨೦೨೪ರ ದೀಪಾವಳಿಯ ಮುಂಚೆ ಎರಡನೆಯ ಬೋಜಾ ಇಳಿಯಿತು. ೨೦೨೫ರಲ್ಲಿ ಅವಳ ಹೆಸರು ಉತಾರಕ್ಕೆ ಏರಿತು. ಬಕ್ಷೀಸಪತ್ರದ ಕಾಗದ ವಕೀಲರ ಹತ್ತಿರ ತಯಾರಾಗುತ್ತಿದೆ.

ಹನಿ ನೀರಾವರಿಯ ಸಾಲಕ್ಕೆ ಈ ಹಂಗಾಮಿನಲ್ಲಿ ಅವಳು ತಾನೇ ಇಕರಾರು ಬರೆದಳು. ಸಹಿ ಮಾಡುವ ಮೊದಲು ಕಾರ್ಯದರ್ಶಿಯ ಮೇಜಿನ ಮುಂದೆ ಕುಳಿತು, ಮರಾಠಿ ಅಕ್ಷರಗಳನ್ನು ಬೆರಳಿಟ್ಟು ಕೂಡಿಸಿಕೊಂಡು, ನಾಲ್ಕು ಪುಟಗಳನ್ನೂ ಓದಿದಳು. ಮುಕ್ಕಾಲು ತಾಸು ಹಿಡಿಯಿತು. ಹಿಂದೆ ನಿಂತವರು ಗೊಣಗಿದರು. ನಾನು ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದೆನು. ಆ ಕಾಗದದ ಮೇಲೆ ನನ್ನ ಸಹಿಯ ಅವಶ್ಯಕತೆ ಇರಲಿಲ್ಲ.